ಎದುರು ಪಕ್ಷದ ಮಾತು ಮೊದಲು

ವಾದವನ್ನು ಕೇಳುವುದಕ್ಕೆಂದೇ ಜನ ಟಾರ್ಪಾಲಿನಡಿಯಲ್ಲಿ, ಸಭಾಭವನದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಟೆಗಟ್ಟಲೆ ಕುಳಿತುಕೊಳ್ಳುವ ಸೀಮೆ ನಮ್ಮದು. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಂಗಳೂರು, ಉಡುಪಿ, ಪುತ್ತೂರು, ಕಾಸರಗೋಡಿನ ಉದ್ದಕ್ಕೂ ಮಳೆಗಾಲದ ತಾಳಮದ್ದಳೆಗಳು ಶುರುವಾಗುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆಗಳು ಜತೆಗೂಡುತ್ತವೆ, ಪಂಚೆ ಶಾಲುಗಳಲ್ಲಿ ಎದುರುಬದುರು ಕುಳಿತ ಅರ್ಥಧಾರಿಗಳು ಬರೆದಿಟ್ಟುಕೊಳ್ಳದ ಮಾತಿನಲ್ಲಿ ಆ ಪದ್ಯಗಳನ್ನು ಬೆಳೆಸುತ್ತಾರೆ. ಮುಗಿದ ಮೇಲೆ ಹೊರಗೆ ಚಹಾ ಕುಡಿಯುತ್ತ ನಿಂತವರು ಚರ್ಚಿಸುವುದು ಕಥೆಯನ್ನಲ್ಲ, ಏಕೆಂದರೆ ಕಥೆ ಎಲ್ಲರಿಗೂ ಗೊತ್ತು. ಯಾರ ಪ್ರಶ್ನೆಗೆ ಯಾರು ಉತ್ತರ ಕೊಟ್ಟರು, ಯಾರು ಕೊಡದೆ ಜಾರಿಕೊಂಡರು ಎಂಬುದನ್ನು.

ಈ ಬರಹ ಪ್ರಾಮಾಣಿಕವಾಗಿ ವಾದಿಸುವುದು ಹೇಗೆ, ನಮ್ಮ ನಿಲುವನ್ನು ಚೆನ್ನಾಗಿ ಸಮರ್ಥಿಸಿಕೊಳ್ಳುವುದು ಹೇಗೆ ಎಂಬುದರ ಕುರಿತು. ತಾಳಮದ್ದಳೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ: ಈ ವಿಷಯದಲ್ಲಿ ನಾನು ಕಲಿತ ಅತ್ಯುತ್ತಮ ಪಾಠವೂ ಅಲ್ಲಿಯದೇ, ನಮ್ಮನ್ನು ದಾರಿ ತಪ್ಪಿಸಬಲ್ಲ ಒಂದು ಅಭ್ಯಾಸದ ಮೂಲವೂ ಅಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ಪಾಠ ಯಾವುದೆಂದು ಮೊದಲು ಹೇಳುತ್ತೇನೆ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಹಗೆತನವಿರಲಿಲ್ಲ, ನಾನು ಇನ್ನೊಬ್ಬನೊಡನೆ ಕಾದಾಡುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಸಭೆಯಲ್ಲಿ ಕುಳಿತವರೆಲ್ಲ ರಾಮಭಕ್ತರು. ಆದರೂ ವಾಲಿಯ ಅರ್ಥ ಹೇಳುವವರು ಆ ಪ್ರಶ್ನೆಯನ್ನು ಅರೆಮನಸ್ಸಿನಿಂದ ಕೇಳಿದರೆ ಅದೇ ಸಭೆ ಮುಖ ಗಂಟಿಕ್ಕುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧರಂಥ ಪಾತ್ರಗಳಿಂದಲೇ ಹೆಸರಾದವರು; ಪ್ರತಿನಾಯಕನ ವಾದಕ್ಕೆ ಸಲ್ಲಬೇಕಾದ ಪೂರ್ಣ ಬಲವನ್ನು ಸಲ್ಲಿಸಿದ್ದಕ್ಕಾಗಿ ಜನ ಅವರನ್ನು ಗೌರವಿಸಿದರು. ಒಬ್ಬರೇ ಅರ್ಥಧಾರಿ ಒಂದು ಕೂಟದಲ್ಲಿ ವಾಲಿಯಾಗಿ, ಮತ್ತೊಂದು ಕೂಟದಲ್ಲಿ ರಾಮನಾಗಿ ಕೂರುವುದೂ ಇಲ್ಲಿ ಸಾಮಾನ್ಯ. ಹಾಗೆ ಎರಡೂ ಕಡೆ ಕುಳಿತವರಿಗೆ ಎರಡೂ ಪಕ್ಷಗಳ ಗಟ್ಟಿ ಜಾಗ ಎಲ್ಲಿದೆ, ಟೊಳ್ಳು ಎಲ್ಲಿದೆ ಎಂಬುದು ತಿಳಿದಿರುತ್ತದೆ. ವಾಲಿಯನ್ನು ದುರ್ಬಲಗೊಳಿಸಿ ಗೆದ್ದ ರಾಮನಿಗೆ ಚಪ್ಪಾಳೆ ಬೀಳುವುದಿಲ್ಲ.

ಇನ್ನು ದಾರಿ ತಪ್ಪಿಸುವ ಅಂಶ. ತಾಳಮದ್ದಳೆಯಲ್ಲಿ ವಾದ ಎಷ್ಟೇ ಬಿರುಸಾದರೂ ಕಥೆಯ ಕೊನೆ ಬದಲಾಗುವಂತಿಲ್ಲ. ವಾಲಿ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಪದ್ಯ ಎಲ್ಲಿಗೆ ಒಯ್ಯುತ್ತದೆಯೋ ಅಲ್ಲಿಗೇ ಅರ್ಥವೂ ಹೋಗಿ ಸೇರಬೇಕು. ಕಲೆಗೆ ಅದು ಬೇಕಾದ ಕಟ್ಟು. ಆದರೆ ಗ್ರಾಮಸಭೆಯಲ್ಲಿ, ಶಾಲೆಯ ಆಡಳಿತ ಸಮಿತಿಯಲ್ಲಿ, ಮನೆಯ ಆಸ್ತಿ ಪಾಲಿನ ಮಾತುಕತೆಯಲ್ಲಿ ಕೂಡ ನಾವು ಕೊನೆಯ ಪದ್ಯ ಮೊದಲೇ ಗೊತ್ತಿರುವವರಂತೆ ಕುಳಿತುಕೊಳ್ಳುತ್ತೇವೆ. ಯಾವ ತೀರ್ಮಾನಕ್ಕೆ ಹೋಗಬೇಕೆಂಬುದು ನಿಶ್ಚಯವಾಗಿ, ಅಲ್ಲಿಗೆ ಹೋಗುವ ದಾರಿಗೆ ಮಾತ್ರ ಮಾತು ಹುಡುಕುತ್ತೇವೆ. ಯಾವ ಸಂಗತಿ ತಿಳಿದುಬಂದರೂ ನಿಲುವು ಬದಲಾಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಅಲ್ಲಿ ನಡೆಯುವುದು ಮಾತಿನ ಪ್ರದರ್ಶನ. ಅದನ್ನು ವಾದವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಹಿರಿಯ ತಾರ್ಕಿಕರೂ ಒಪ್ಪಿರಲಿಲ್ಲ. ಗೌತಮನ ನ್ಯಾಯಸೂತ್ರ ವಾದ, ಜಲ್ಪ, ವಿತಂಡ ಎಂದು ಮೂರನ್ನು ಬೇರ್ಪಡಿಸುತ್ತದೆ. ಇಬ್ಬರೂ ಪ್ರಮಾಣ ತರ್ಕಗಳಿಂದ ವಿಷಯವನ್ನು ಬಗೆಹರಿಸಿಕೊಳ್ಳಲು ಹೊರಟರೆ ವಾದ. ಗೆಲ್ಲುವುದೇ ಗುರಿಯಾಗಿ ಛಲ (ಎದುರಿನವನ ಮಾತಿನ ಅರ್ಥ ತಿರುಚುವುದು), ಜಾತಿ (ಹುಸಿ ಹೋಲಿಕೆಯಿಂದ ಆಕ್ಷೇಪಿಸುವುದು) ಮುಂತಾದ ಉಪಾಯಗಳೂ ಒಳಗೆ ಬಂದರೆ ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡವುತ್ತ ಹೋದರೆ ವಿತಂಡ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿದ್ದು ದ್ವೈತಮತವನ್ನು ಕಟ್ಟಿದ ಮಧ್ವಾಚಾರ್ಯರು ಇದಕ್ಕಾಗಿಯೇ ‘ಕಥಾಲಕ್ಷಣ’ ಎಂಬ ಚಿಕ್ಕ ಗ್ರಂಥವನ್ನು ಬರೆದಿದ್ದಾರೆ. ತತ್ತ್ವನಿರ್ಣಯವನ್ನೇ ಉದ್ದೇಶವಾಗಿಟ್ಟುಕೊಂಡು ಗುರುಶಿಷ್ಯರು ಅಥವಾ ಸಜ್ಜನರು ನಡೆಸುವ ಮಾತುಕತೆಯನ್ನು ಅವರು ವಾದವೆನ್ನುತ್ತಾರೆ; ಗೆಲುವು ಸೋಲಿನ ಚರ್ಚೆಯಾದರೆ ಅದನ್ನು ನೋಡಿ ತೀರ್ಪು ಕೊಡುವ ಪ್ರಾಶ್ನಿಕರು ರಾಗದ್ವೇಷಗಳಿಲ್ಲದವರಾಗಿರಬೇಕು ಎನ್ನುತ್ತಾರೆ. ತಮ್ಮ ಸಿದ್ಧಾಂತಕ್ಕಾಗಿ ಅಷ್ಟು ಕಟ್ಟುನಿಟ್ಟಾಗಿ ನಿಂತ ಒಬ್ಬ ಆಚಾರ್ಯರು ವಾದದ ನಿಯಮಗಳಿಗೇ ಒಂದು ಗ್ರಂಥವನ್ನು ಮೀಸಲಿಟ್ಟದ್ದನ್ನು ಕಂಡಾಗಲೆಲ್ಲ ನನ್ನ ಗೌರವ ಹೆಚ್ಚುತ್ತದೆ. ದೃಢವಾದ ನಿಲುವಿಗೂ ನ್ಯಾಯವಾದ ಚರ್ಚೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮೂರಿನವರಿಗೆ ಬೇಕಿಲ್ಲ.

ಅದೇ ಪರಂಪರೆಯಲ್ಲಿ ಮುಂದೆ ನಡೆದದ್ದು ಇನ್ನೂ ದೊಡ್ಡದು. ವಿಜಯನಗರದ ಕಾಲದ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನು ಖಂಡಿಸುವ ಮೊದಲು ಅದ್ವೈತಿಗಳ ಒಂದೊಂದು ಲಕ್ಷಣವನ್ನೂ ಒಂದೊಂದು ಅನುಮಾನವನ್ನೂ (ತರ್ಕದಿಂದ ಸಾಧಿಸಿದ ಮಾತನ್ನೂ) ಎತ್ತಿಕೊಂಡು ವಿವರಿಸಿದರು. ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದಕ್ಕೆ ಹೆಜ್ಜೆಹೆಜ್ಜೆಗೂ ಉತ್ತರ ಬರೆದರು. ಆ ಉತ್ತರಕ್ಕೆ ದ್ವೈತದ ಕಡೆಯಿಂದ ರಾಮಾಚಾರ್ಯರ ‘ತರಂಗಿಣಿ’ ಬಂತು, ಅದಕ್ಕೂ ಅದ್ವೈತಿಗಳು ಮರುತ್ತರ ಕೊಟ್ಟರು. ತಲೆಮಾರುಗಳನ್ನು ದಾಟಿದ ಈ ಚರ್ಚೆ ನಡೆಯಲು ಸಾಧ್ಯವಾದದ್ದು ಪ್ರತಿಯೊಬ್ಬರೂ ಎದುರು ಪಕ್ಷದ ಮಾತನ್ನು ಅವರೇ ಹೇಳಿದಷ್ಟು ಸ್ಪಷ್ಟವಾಗಿ ಮರಳಿ ಹೇಳಿ ಆಮೇಲೆ ತಮ್ಮ ಮಾತನ್ನು ಆಡಿದ್ದರಿಂದ. ಮಠಗಳ ವಾಕ್ಯಾರ್ಥ ಗೋಷ್ಠಿಗಳಲ್ಲಿ ಇಂದಿಗೂ ಇದೇ ಕ್ರಮ.

ನ್ಯಾಯಶಾಸ್ತ್ರ ಸೋಲಿನ ಸ್ಥಾನಗಳನ್ನು, ಅಂದರೆ ನಿಗ್ರಹಸ್ಥಾನಗಳನ್ನು, 22 ಎಂದು ಎಣಿಸುತ್ತದೆ. ಎಲ್ಲವನ್ನೂ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಅವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಅನನುಭಾಷಣ: ಎದುರಾಳಿ ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಮಾತನ್ನು ಮರಳಿ ಹೇಳಲಾರದವನು ಸೋತಂತೆ. ಉತ್ತರ ಸರಿಯೋ ತಪ್ಪೋ ಎಂಬ ಪ್ರಶ್ನೆ ಏಳುವುದಕ್ಕೆ ಮೊದಲೇ ಅವನು ಸೋತ. ಮತಾನುಜ್ಞೆ ಎಂಬ ಇನ್ನೊಂದಿದೆ. ತನ್ನ ಪಕ್ಷದ ಮೇಲೆ ಬಂದ ದೋಷವನ್ನು ಪರಿಹರಿಸದೆ ‘ನಿನ್ನ ಪಕ್ಷದಲ್ಲೂ ಅದೇ ದೋಷವಿದೆ’ ಎನ್ನುವುದು. ಹಾಗೆಂದವನು ದೋಷವನ್ನು ಒಪ್ಪಿಕೊಂಡಂತೆಯೇ ಆಯಿತು ಎಂಬುದು ಶಾಸ್ತ್ರದ ನಿರ್ಣಯ. ಟಿವಿಯ ಸಂಜೆಯ ಚರ್ಚೆಗಳನ್ನು ಈ ಒಂದೇ ನಿಯಮದಿಂದ ಅಳೆದರೆ ಕೊನೆಯವರೆಗೆ ಉಳಿಯುವವರು ಕೆಲವರೇ. ಮೂರನೆಯದು ಪ್ರತಿಜ್ಞಾಂತರ: ಮೊದಲು ಸಾಧಿಸುತ್ತೇನೆಂದ ಮಾತಿಗೆ ಅಡ್ಡಿ ಬಂದಾಗ ಅದಕ್ಕೆ ಉತ್ತರ ಕೊಡದೆ ಬೇರೊಂದು ಮಾತನ್ನು ಮುಂದಿಡುವುದು.

ಇವೆಲ್ಲ ಪಂಡಿತರ ಸಭೆಗೆ ಸೀಮಿತವಾದ ಸೂಕ್ಷ್ಮಗಳೆಂದು ಯಾರಿಗಾದರೂ ಅನ್ನಿಸಬಹುದು. ಹಾಗಲ್ಲವೆಂದು ತೋರಿಸಲು, ಕರಾವಳಿಯವರೆಲ್ಲ ಒಂದಲ್ಲ ಒಂದು ಸಲ ವಾದಿಸಿರುವ, ನಾನೂ ಒಂದು ನಿಲುವು ತಳೆದಿರುವ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಎತ್ತಿನಹೊಳೆ ಯೋಜನೆ ಈಗಿರುವ ಸ್ವರೂಪದಲ್ಲಿ ತಪ್ಪೆಂಬುದು ನನ್ನ ನಿಲುವು. ಅದನ್ನು ಮುಚ್ಚಿಡದೆ, ಪ್ರಾಮಾಣಿಕವಾಗಿ ಸಮರ್ಥಿಸುವುದು ಹೇಗೆಂದು ನೋಡೋಣ.

ಸಕಲೇಶಪುರದ ಕಡೆಯ ಘಟ್ಟದ ಹೊಳೆಗಳಾದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವುದು ಯೋಜನೆ. ಆ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಬರುವಂಥದ್ದು. ಯೋಜನೆ ಹೇಳುವ ಪ್ರಮಾಣ 24.01 ಟಿಎಂಸಿ; ಅದರಲ್ಲಿ 14 ಟಿಎಂಸಿಯಷ್ಟು ಕುಡಿಯುವ ನೀರಿಗೆ, ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಲಿಕ್ಕೆ. 2014ರಲ್ಲಿ 12,912 ಕೋಟಿ ರೂಪಾಯಿ ಎಂದಿದ್ದ ಅಂದಾಜು 2023ರ ಹೊತ್ತಿಗೆ 23,251 ಕೋಟಿಯನ್ನು ಮುಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ನೀರೆತ್ತುವ ಕಾಮಗಾರಿಯ ಉದ್ಘಾಟನೆಯೂ ಆಯಿತು.

ಕರಾವಳಿಯಲ್ಲಿ ಇದರ ವಿರುದ್ಧ ಎದ್ದ ದೊಡ್ಡ ಕೂಗು ‘ನೇತ್ರಾವತಿ ಬತ್ತಿಹೋಗುತ್ತದೆ’ ಎಂಬುದು. ಆ ಕೂಗಿನ ಹಿಂದಿನ ಭಯ ಸುಳ್ಳಲ್ಲ. ತುಂಬೆಯ ಕಿಂಡಿ ಅಣೆಕಟ್ಟೆಯಲ್ಲಿ ನೀರು ಇಳಿದು ಮಂಗಳೂರಿಗೆ ಸರದಿಯಲ್ಲಿ ನೀರು ಬಿಟ್ಟ 2019ರ ಬೇಸಗೆಯನ್ನು ಇಲ್ಲಿಯವರು ಮರೆತಿಲ್ಲ. ಆದರೆ ಭಯ ನಿಜವೆಂಬ ಕಾರಣಕ್ಕೆ ವಾಕ್ಯವೂ ನಿಜವಾಗುವುದಿಲ್ಲ. ನೀರು ತಿರುಗಿಸುವ ಜಲಾನಯನ ಪ್ರದೇಶ ಸುಮಾರು 176 ಚದರ ಕಿಲೋಮೀಟರ್. ನೇತ್ರಾವತಿಯ ಒಟ್ಟು ಜಲಾನಯನ ಅದರ ಎಷ್ಟೋ ಪಟ್ಟು ದೊಡ್ಡದು. ತಿರುಗಿಸುವುದು ಮಳೆಗಾಲದ ನೀರು, ತುಂಬೆಯಲ್ಲಿ ಕೊರತೆ ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಯೋಜನೆಯನ್ನು ಬೆಂಬಲಿಸುವವರು ಈ ಎರಡು ಸಂಗತಿಗಳನ್ನು ಮುಂದಿಟ್ಟಾಗ ನಮ್ಮಲ್ಲಿ ಹಲವರು ತಕ್ಷಣ ‘ಹಾಗಾದರೆ ಘಟ್ಟ ಕುಸಿಯುವುದಿಲ್ಲವೇ’ ಎಂದು ಹಾರುತ್ತಾರೆ. ಘಟ್ಟದ ಪ್ರಶ್ನೆ ಗಂಭೀರವಾದದ್ದೇ. ಆದರೆ ಮೊದಲಿನ ಮಾತನ್ನು ಬಿಟ್ಟೆವೆಂದು ಹೇಳದೆ ಎರಡನೆಯದಕ್ಕೆ ಹೋದರೆ ಕೇಳುವವರಿಗೆ ನಮ್ಮ ಎರಡನೆಯ ಮಾತಿನ ಮೇಲೂ ನಂಬಿಕೆ ಹುಟ್ಟುವುದಿಲ್ಲ. ಪ್ರತಿಜ್ಞಾಂತರವನ್ನು ಸೋಲೆಂದು ಎಣಿಸಿದವರಿಗೆ ಇದು ಗೊತ್ತಿತ್ತು.

ನಿಲುವನ್ನು ಕಿರಿದುಗೊಳಿಸುವುದು ಸೋಲೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ನಿಲುವಿಗೆ ಸಿಗುವ ಅತಿ ದೊಡ್ಡ ಬಲ. ಗದ್ದೆಯ ಬದುವನ್ನು ಕಾಯಲು ಆಗುವಷ್ಟಕ್ಕೇ ಇಟ್ಟುಕೊಂಡ ರೈತನ ಬೆಳೆ ಉಳಿಯುತ್ತದೆ. ‘ನೇತ್ರಾವತಿ ಬತ್ತುತ್ತದೆ’ ಎಂಬುದರ ಬದಲು ‘ಹೇಳಿದಷ್ಟು ನೀರು ಅಲ್ಲಿಲ್ಲ’ ಎಂದು ನಾನು ಹೇಳುತ್ತೇನೆ, ಮತ್ತು ಅದನ್ನು ಯಾರು ಬೇಕಾದರೂ ಕಾಗದದ ಮೇಲೆ ಪರೀಕ್ಷಿಸಬಹುದು. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಎಂದರೆ ಸುಮಾರು 68 ಕೋಟಿ ಘನ ಮೀಟರ್. ಇದನ್ನು 176 ಚದರ ಕಿಲೋಮೀಟರಿನ ಮೇಲೆ ಸಮನಾಗಿ ಹರಡಿದರೆ ನೀರಿನ ಎತ್ತರ 3,850 ಮಿಲಿಮೀಟರನ್ನು ದಾಟುತ್ತದೆ. ಆ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಿಸುಮಾರು 3,000ದಿಂದ 4,500 ಮಿಲಿಮೀಟರ್. ಹಾಗಾದರೆ ಕಾಡು ಕುಡಿಯದೆ, ನೆಲ ಇಂಗಿಸದೆ, ಆವಿಯಾಗದೆ, ಬಿದ್ದ ಮಳೆಯ ಬಹುಪಾಲು ಒಡ್ಡಿಗೇ ಬರಬೇಕಾಗುತ್ತದೆ, ಒಡ್ಡಿನ ಕೆಳಗೆ ಹೊಳೆಗೆ ಬಿಡುವುದಕ್ಕೆ ಹೆಚ್ಚೇನೂ ಉಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಅಧ್ಯಯನ ಅಲ್ಲಿ ಸಿಗಬಹುದಾದ ನೀರನ್ನು 9.55 ಟಿಎಂಸಿ ಎಂದು ಅಂದಾಜಿಸಿದೆ.

ಈ ಲೆಕ್ಕದ ದುರ್ಬಲ ಜಾಗವನ್ನೂ ನಾನೇ ತೋರಿಸಬೇಕು. ಘಟ್ಟದ ನೆತ್ತಿಯಲ್ಲಿ ಮಳೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ, ಮಳೆಮಾಪಕಗಳು ಎಲ್ಲ ಕಡೆ ಇಲ್ಲ; ಮಾಪಕವಿಲ್ಲದ ಕಣಿವೆಗಳಲ್ಲಿ ಇನ್ನೂ ಹೆಚ್ಚು ಮಳೆಯಾಗುತ್ತಿದ್ದರೆ ನನ್ನ ಲೆಕ್ಕ ಸಡಿಲಾಗುತ್ತದೆ. ಇದನ್ನು ಎದುರಿನವರು ಕಂಡುಹಿಡಿಯುವವರೆಗೆ ಕಾಯುವುದರಲ್ಲಿ ಯಾವ ಜಾಣತನವೂ ಇಲ್ಲ. ನಾವೇ ಮೊದಲು ಹೇಳಿದ ದೋಷಕ್ಕೆ ಎಷ್ಟು ತೂಕವೆಂಬುದನ್ನು ಸಮಾಧಾನದಿಂದ ಚರ್ಚಿಸಬಹುದು. ಬೇರೆಯವರು ಕಂಡುಹಿಡಿದರೆ ಸಭೆಯ ಗಮನವೆಲ್ಲ ನಾವು ಅದನ್ನು ಏಕೆ ಮುಚ್ಚಿಟ್ಟೆವು ಎಂಬುದರ ಕಡೆಗೆ ಹೋಗುತ್ತದೆ.

ಎದುರು ಪಕ್ಷದ ಮಾತನ್ನು ಅವರು ಒಪ್ಪುವಂತೆ ಹೇಳುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಕೋಲಾರ ಜಿಲ್ಲೆಯವರಾದ, ಬಹುಕಾಲದಿಂದ ಮಂಗಳೂರಿನಲ್ಲಿರುವ ಒಬ್ಬ ಸಹೋದ್ಯೋಗಿ. ನಾವು ಈ ವಿಷಯ ಮಾತಾಡಲು ಕುಳಿತಾಗ ಒಂದು ಒಪ್ಪಂದ ಮಾಡಿಕೊಂಡೆವು: ನಾನು ಅವರ ಪಕ್ಷವನ್ನು ಹೇಳಬೇಕು, ಅವರು ತಲೆಯಾಡಿಸುವವರೆಗೆ ನನ್ನ ಪಕ್ಷವನ್ನು ಆರಂಭಿಸುವಂತಿಲ್ಲ. ‘ನಿಮ್ಮ ಕಡೆ ಅಂತರ್ಜಲ ಪಾತಾಳಕ್ಕೆ ಇಳಿದಿದೆ, ಸಿಗುವ ನೀರಿನಲ್ಲಿ ಫ್ಲೋರೈಡ್ ಇದೆ, ಆದ್ದರಿಂದ ಸಮುದ್ರಕ್ಕೆ ಹೋಗುವ ನೀರನ್ನು ಕೊಡಿ ಎಂದು ಕೇಳುತ್ತಿದ್ದೀರಿ’ ಎಂದೆ. ಅವರು ಒಪ್ಪಲಿಲ್ಲ.

‘ಅಷ್ಟೇ ಅಲ್ಲ ಸಾರ್. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸ್ತಾ ಇದಾರೆ. ಅದನ್ನೂ ಬೇಡ ಅನ್ನೋ ಸ್ಥಿತೀಲಿ ನಾವಿಲ್ಲ. ಘಟ್ಟದ ಮಳೆ ನೀರು ಕೇಳಿದ್ರೆ ನಮ್ಮನ್ನ ಕಳ್ಳರ ಥರ ನೋಡ್ತೀರಲ್ಲ, ಅದನ್ನೂ ಸೇರಿಸಿ ಹೇಳಿ.’

ಅವರು ಹೇಳಿದ್ದು ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಯೋಜನೆಯ ಬಗ್ಗೆ. ಆ ಸಂಗತಿ ನನಗೆ ಗೊತ್ತಿತ್ತು. ಅದು ಅವರ ವಾದದ ಒಳಗೆ ಯಾವ ಜಾಗದಲ್ಲಿ ನಿಂತಿದೆ ಎಂಬುದು ಅವರ ಬಾಯಿಂದ ಕೇಳಿದ ಮೇಲೆ ತಿಳಿಯಿತು. ನೀರಿನ ಲೆಕ್ಕದ ಜತೆಗೆ ಮರ್ಯಾದೆಯ ಮಾತೂ ಅವರ ಪಕ್ಷದಲ್ಲಿತ್ತು. ಅದನ್ನು ಸೇರಿಸಿ ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿದರು. ಆಮೇಲೆ ನನ್ನ 3,850 ಮಿಲಿಮೀಟರಿನ ಲೆಕ್ಕವನ್ನು ಅವರು ಕೇಳಿಸಿಕೊಂಡ ರೀತಿಯೇ ಬೇರೆಯಾಗಿತ್ತು. ಪೆನ್ನು ತೆಗೆದುಕೊಂಡು ತಾವೂ ಗುಣಿಸಿ ನೋಡಿದರು. ಯೋಜನೆ ತಪ್ಪಾದರೆ ಅದರಿಂದ ಹೆಚ್ಚು ನಷ್ಟವಾಗುವುದು ನೀರಿಗಾಗಿ ಕಾದು ಕುಳಿತ ಕೋಲಾರಕ್ಕೇ ಎಂಬ ನನ್ನ ಮಾತನ್ನು ಅವರು ಅಷ್ಟರಲ್ಲಾಗಲೇ ತಾವೇ ಆಡಿದ್ದರು.

ಅವರು ನನಗೆ ಹಾಕಿದ ಪ್ರಶ್ನೆಯೂ ಸಾಮಾನ್ಯವಾದದ್ದಲ್ಲ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥವಲ್ಲ, ಅದು ಹೊತ್ತು ತರುವ ಮಣ್ಣು ಪೋಷಕಾಂಶಗಳಿಂದಲೇ ಅಳಿವೆಯ ಮೀನು ಬದುಕುತ್ತದೆ ಎಂದು ನಾನು ಹೇಳಿದ್ದೆ. ‘ಹಾಗಾದ್ರೆ ಪಶ್ಚಿಮಕ್ಕೆ ಹರಿಯೋ ಯಾವ ನದಿಗೂ ಯಾರೂ ಅಣೆಕಟ್ಟು ಕಟ್ಟಬಾರದು ಅಂತೀರಾ? ನಿಮ್ಮ ತುಂಬೆ ಅಣೆಕಟ್ಟೆ?’ ಎಂದು ಕೇಳಿದರು. ‘ಕೋಲಾರದಲ್ಲಿ ಕೆರೆಗಳನ್ನು ಒತ್ತುವರಿ ಮಾಡಿದವರು ಯಾರು’ ಎಂದು ಮರುಪ್ರಶ್ನೆ ಹಾಕುವುದು ಸುಲಭವಿತ್ತು, ಅದೇ ಮತಾನುಜ್ಞೆ. ನಾನು ಕೊಟ್ಟ ಉತ್ತರ ಹೀಗಿತ್ತು: ಮೀನಿನ ವಾದ ಪ್ರಮಾಣವನ್ನು ಅವಲಂಬಿಸಿದ್ದು. ಅದೊಂದರಿಂದಲೇ ಈ ಯೋಜನೆಯನ್ನು ತಳ್ಳಿಹಾಕಲು ಬರುವುದಿಲ್ಲ. ‘ವ್ಯರ್ಥವಾಗುವ ನೀರು’ ಎಂಬ ಮಾತಿಗೆ ಉತ್ತರವಾಗಿ ಮಾತ್ರ ಅದನ್ನು ಬಳಸುತ್ತೇನೆ, ಅದಕ್ಕಿಂತ ಹೆಚ್ಚು ಭಾರ ಅದರ ಮೇಲೆ ಹೇರುವುದಿಲ್ಲ. ಒಂದು ವಾದ ಎಷ್ಟು ಹೊರಬಲ್ಲದೋ ಅಷ್ಟನ್ನೇ ಅದರ ಮೇಲೆ ಇಟ್ಟಾಗ ಉಳಿದ ವಾದಗಳು ನಿರಾಳವಾಗಿ ನಿಲ್ಲುತ್ತವೆಂಬುದನ್ನು ಆ ದಿನದ ಮಾತುಕತೆಯಲ್ಲಿ ಕಂಡೆ.

ಇಷ್ಟಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಕಥೆಯ ಕೊನೆ ಮೊದಲೇ ನಿಶ್ಚಯವಾಗಿಲ್ಲವೆಂದು ತೋರಿಸುವ ಕೆಲಸ. ಯಾವ ಸಂಗತಿ ಎದುರಾದರೆ ನಾನು ನಿಲುವು ಬದಲಿಸುತ್ತೇನೆ ಎಂಬುದನ್ನು ಮೊದಲೇ, ಇನ್ನೊಬ್ಬರ ಎದುರು, ಜಾರಿಕೊಳ್ಳಲಾಗದ ಮಾತಿನಲ್ಲಿ ಹೇಳಿಡಬೇಕು. ಮನಸ್ಸಿನಲ್ಲೇ ಇಟ್ಟುಕೊಂಡರೆ ಅದು ನಿಧಾನವಾಗಿ ನಮಗೆ ಅನುಕೂಲವಾದ ಕಡೆಗೆ ಸರಿಯುತ್ತದೆ. ಗೆಳೆಯರ ನಡುವೆ ಇದನ್ನು ಕೇಳಿ ನೋಡಿದ್ದೇನೆ. ಇಷ್ಟು ಬಿಸಿಯಾಗಿ ವಾದಿಸುವ ನಮ್ಮೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ‘ಏನೇ ಬಂದರೂ ಬದಲಾಗುವುದಿಲ್ಲ’ ಎನ್ನುವವರು ಅದನ್ನು ನಿಷ್ಠೆಯೆಂದು ಭಾವಿಸುತ್ತಾರೆ. ದೇವರ ಮೇಲಿನ ನಂಬಿಕೆಗೆ ಆ ಮಾತು ಸಲ್ಲಬಹುದು, ಹೊಳೆಯ ನೀರಿನ ಅಳತೆಗೆ ಸಲ್ಲದು.

ನಮ್ಮ ಮಾತುಕತೆಯ ಕೊನೆಗೆ ನಾವಿಬ್ಬರೂ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಎಂಟು ಒಡ್ಡುಗಳಲ್ಲಿ ಅಳೆದ ಹರಿವಿನ ದಿನದಿನದ ಲೆಕ್ಕ ಸಾರ್ವಜನಿಕರಿಗೆ ಸಿಗುವಂತಾಗಿ, ಸಾಧಾರಣ ಮಳೆಯ ವರ್ಷಗಳಲ್ಲಿ ಸತತವಾಗಿ ಅದು 20 ಟಿಎಂಸಿಯನ್ನು ದಾಟಿದರೆ ನೀರಿನ ಪ್ರಮಾಣದ ಬಗೆಗಿನ ನನ್ನ ವಾದವನ್ನು ನಾನು ಬಿಡುತ್ತೇನೆ, ಬಿಟ್ಟೆನೆಂದು ಬಹಿರಂಗವಾಗಿ ಬರೆಯುತ್ತೇನೆ; ಕಾಡು ಮತ್ತು ಇಳಿಜಾರುಗಳ ಬಗೆಗಿನ ವಾದ ಬೇರೆ, ಅದಕ್ಕೆ ಬೇರೆಯೇ ಸಾಕ್ಷ್ಯ ಬೇಕು. ಅದೇ ಲೆಕ್ಕ 12 ಟಿಎಂಸಿಯ ಒಳಗೇ ನಿಂತರೆ, ಇನ್ನು ಖರ್ಚು ಮಾಡುವ ಹಣವನ್ನು ಕೋಲಾರದ ಕೆರೆಗಳ ಹೂಳೆತ್ತಲು, ರಾಜಕಾಲುವೆಗಳನ್ನು ಬಿಡಿಸಲು ಬಳಸಬೇಕೆಂದು ತಮ್ಮ ಊರಿನ ಸಭೆಯಲ್ಲಿ ಎದ್ದು ನಿಂತು ಕೇಳುವುದಾಗಿ ಅವರು ಬರೆದರು. 12ಕ್ಕೂ 20ಕ್ಕೂ ನಡುವೆ ಬಂದರೆ ಏನು ಮಾಡುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ ಇನ್ನೊಮ್ಮೆ ಕೂರುವುದೆಂದು ಆಗಿದೆ.